ಮ್ಯಾಡ್‌ವಿಲನಿ ಕೇಳಿದ ದಿನ

2021ರ ಜನವರಿ 1. ನಾನಿನ್ನೂ ಹಾಸಿಗೆಯಲ್ಲಿದ್ದೆ, ತಮ್ಮ ನನ್ನ ರೂಮಿಗೆ ಬಂದವನೇ 'ಅಣ್ಣಾ, ಡೂಮ್ ಹೋಗ್ಬಿಟ್ನಂತೆ' ಅಂದ. ಎಂಎಫ್ ಡೂಮ್ ಎಂಬ ರ್‍ಯಾಪರ್ ತೀರಿಕೊಂಡಿದ್ದು 2020ರ ಅಕ್ಟೋಬರ್ 31ಕ್ಕೇ. ಮನೆಯವರು ಅದನ್ನು ಹೊರಗೆ ಹೇಳಿದ್ದು ವರ್ಷದ ಕೊನೆಯ ದಿನ. ನನ್ನ ತಮ್ಮ ಕಾಲೇಜು ದಿನಗಳಿಂದ ಹಿಪ್‌ಹಾಪ್ ಹುಚ್ಚು ಹತ್ತಿಸಿಕೊಂಡವನು, ನಾನು ಅಲ್ಲೊಂದು ಇಲ್ಲೊಂದು ಹಾಡು ಕೇಳಿದವನು ಅಷ್ಟೆ. ಅವನು ಡೂಮ್‌ನ 'ಮ್ಯಾಡ್‌ವಿಲನಿ' ಆಲ್ಬಮ್ ಹಾಕಿ, ತನ್ನ ಹೆಡ್‌ಫೋನ್ ನನ್ನ ಕೈಗಿಟ್ಟು 'ಇವತ್ತು ಪೂರ್ತಿ ಕೇಳು, ಮಧ್ಯೆ ನಿಲ್ಲಿಸ್ಬೇಡ' ಅಂದ. ಹೆಡ್‌ಫೋನ್ ಹಾಕಿಕೊಂಡು ಟೆರೇಸಿಗೆ ಹೋದೆ.

'ಮ್ಯಾಡ್‌ವಿಲನಿ' ಬಂದಿದ್ದು 2004ರ ಮಾರ್ಚ್‌ನಲ್ಲಿ, ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ಸಣ್ಣ ಕಂಪನಿಯಿಂದ. ಬೀಟ್, ಅಂದರೆ ಮಾತಿನ ಹಿಂದೆ ನಡೆಯುವ ಸಂಗೀತ, ಮ್ಯಾಡ್‌ಲಿಬ್ ಎಂಬುವನದು, ಮಾತು ಡೂಮ್‌ದು. ಇಬ್ಬರೂ ಸೇರಿ ಇಟ್ಟುಕೊಂಡ ಹೆಸರು ಮ್ಯಾಡ್‌ವಿಲನ್. 22 ಟ್ರ್ಯಾಕ್ ಇದ್ದರೂ ಎಲ್ಲ ಸೇರಿ ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ. ಎಷ್ಟೋ ಹಾಡು ಎರಡು ನಿಮಿಷಕ್ಕೇ ಮುಗಿದುಹೋಗುತ್ತವೆ. ಪಲ್ಲವಿ ಅನ್ನೋದೇ ಹೆಚ್ಚುಕಡಿಮೆ ಇಲ್ಲ. ಹೇಳಬೇಕಾದ್ದು ಹೇಳಿಯಾಯಿತು, ಹಾಡು ನಿಂತಿತು, ಮುಂದಿನದು ಶುರು. ಮೊದಲ ಕಾಲು ಗಂಟೆ ನನಗೆ ತಲೆಬುಡ ತಿಳಿಯಲಿಲ್ಲ. ಹಳೇ ಕಾರ್ಟೂನಿನ, ಹಳೇ ಸಿನಿಮಾದ ಮಾತುಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತವೆ, ಒಂದು ಟ್ಯೂನ್ ಹಿಡಿಸಿತು ಅನ್ನುವಷ್ಟರಲ್ಲಿ ಅದು ಕಿತ್ತುಹೋಗಿರುತ್ತದೆ.

ಅಕಾರ್ಡಿಯನ್ ಇರುವ ಹಾಡಿಗೆ ಬಂದಾಗ ಕೂತು ಕೇಳಿದೆ. ಒಂದು ಸಣ್ಣ ತುಣುಕು, ನಮ್ಮೂರ ಭಜನೆ ಮನೆಯ ಹಾರ್ಮೋನಿಯಂ ಹಾಗೆ ಉಸಿರೆಳೆದುಕೊಂಡು, ಮತ್ತೆ ಮತ್ತೆ ಅದೇ ಸುತ್ತು. ಅದರ ಮೇಲೆ ಡೂಮ್ ದನಿ. ಒರಟು, ಭಾರ, ಸ್ವಲ್ಪವೂ ಅವಸರವಿಲ್ಲ. ಬೇರೆ ರ್‍ಯಾಪರ್‌ಗಳು ಸಾಲಿನ ಕೊನೆಗೆ ಪ್ರಾಸ ಇಟ್ಟು ಬೀಟಿನ ಮೇಲೆ ಗುದ್ದುತ್ತಾರಲ್ವಾ, ಇವನದು ಹಾಗಲ್ಲ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕೂಡಿಸುತ್ತಿದ್ದರು, ಅಂದರೆ ಪ್ರಾಸ ಸಾಲಿನ ಕೊನೆಗೇ ಬರಬೇಕು ಅಂತೇನಿಲ್ಲ ಅನ್ನೋದು ನಮಗೆ ಹೊಸದಲ್ಲ. ಡೂಮ್ ಸಾಲಿನ ಶುರುವಿನಲ್ಲಿ, ನಡುವಿನಲ್ಲಿ, ಮುಂದಿನ ಸಾಲಿಗೆ ದಾಟುವ ಕಡೆ, ಎಲ್ಲೆಲ್ಲೂ ಒಂದೇ ಸದ್ದನ್ನು ಪೋಣಿಸುತ್ತಾ ಹೋಗುತ್ತಾನೆ. ಅರ್ಥ ಆಗದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಆ ಹಾಡನ್ನು ಅಲ್ಲೇ ಇನ್ನೊಮ್ಮೆ ಹಾಕಿಕೊಂಡೆ, ತಮ್ಮನ ಮಾತು ಮೀರಿ.

ಮಧ್ಯಾಹ್ನ ತಮ್ಮ ಟೆರೇಸಿಗೆ ಬಂದು ಇದರ ಕಥೆ ಹೇಳಿದ. ಮ್ಯಾಡ್‌ಲಿಬ್ 2002ರಲ್ಲಿ ಬ್ರೆಜಿಲ್‌ಗೆ ಹೋಗಿದ್ದಾಗ ಅಲ್ಲೇ ಕೊಂಡ ಹಳೇ ರೆಕಾರ್ಡುಗಳನ್ನು ಹೋಟೆಲ್ ರೂಮಿನಲ್ಲಿ ಒಂದು ಪುಟ್ಟ ಟರ್ನ್‌ಟೇಬಲ್ ಮೇಲೆ ಹಾಕಿ, ಎಸ್‌ಪಿ-303 ಎಂಬ ಸಣ್ಣ ಸ್ಯಾಂಪ್ಲರ್‌ನಲ್ಲಿ (ಹಾಡಿನ ತುಣುಕುಗಳನ್ನು ಹಿಡಿದಿಡುವ ಯಂತ್ರ) ಕತ್ತರಿಸಿ ಜೋಡಿಸಿ, ಕ್ಯಾಸೆಟ್‌ಗೆ ತುಂಬಿಸಿಕೊಂಡನಂತೆ. ಈ ಆಲ್ಬಮ್ಮಿನ ಎಷ್ಟೋ ಬೀಟ್ ಹುಟ್ಟಿದ್ದು ಹಾಗೆ. ದೊಡ್ಡ ಸ್ಟುಡಿಯೋ ಇಲ್ಲ, ಏನೂ ಇಲ್ಲ. ಲಾಸ್ ಏಂಜಲೀಸ್‌ಗೆ ಬಂದ ಮೇಲೂ ಮ್ಯಾಡ್‌ಲಿಬ್ ಮನೆಯ ಕೆಳಗಿನ ರೂಮಿನಲ್ಲಿ ಬೀಟ್ ಮಾಡುತ್ತಿದ್ದ, ಡೂಮ್ ಹೊರಗೆ ಕೂತು ಬರೆಯುತ್ತಿದ್ದ, ಇಬ್ಬರ ನಡುವೆ ಮಾತೇ ಕಡಿಮೆ. ಆಮೇಲೆ ಅರ್ಧಂಬರ್ಧ ರೆಕಾರ್ಡಿಂಗ್ ಇಂಟರ್‌ನೆಟ್‌ಗೆ ಸೋರಿಹೋಯಿತು, ಆಲ್ಬಮ್ ಬರುವುದಕ್ಕೆ ಒಂದು ವರ್ಷಕ್ಕೂ ಮುಂಚೆಯೇ. ಇಬ್ಬರೂ ಬೇರೆ ಕೆಲಸಗಳಿಗೆ ಹೊರಟುಹೋದರು. ವಾಪಸ್ ಬಂದಾಗ ಡೂಮ್ ತನ್ನ ಪಾಲನ್ನು ಮತ್ತೆ ಹಾಡಿದ, ಈ ಸಲ ದನಿ ತಗ್ಗಿಸಿ, ನಿಧಾನವಾಗಿ. ನನ್ನನ್ನು ಬೆಳಗ್ಗೆ ಹಿಡಿದು ಕೂರಿಸಿದ್ದು ಆ ನಿಧಾನವೇ. ಸೋರಿಕೆ ಆಗದೇ ಇದ್ದಿದ್ದರೆ ಅದು ಬರುತ್ತಲೇ ಇರಲಿಲ್ಲವೇನೋ.

ಡೂಮ್‌ಗೆ ಒಬ್ಬ ತಮ್ಮ ಇದ್ದ, ಡಿಜೆ ಸಬ್‌ರಾಕ್. ಇಬ್ಬರೂ ಕೆಎಂಡಿ ಎಂಬ ಹಿಪ್‌ಹಾಪ್ ಗುಂಪಿನಲ್ಲಿದ್ದರು. 1993ರಲ್ಲಿ ಸಬ್‌ರಾಕ್ ಕಾರು ಬಡಿದು ಸತ್ತ. ಮರುವರ್ಷ ಅವರ ಎರಡನೇ ಆಲ್ಬಮ್ಮನ್ನು, ಕವರ್ ಚಿತ್ರದ ಗಲಾಟೆಗೆ ಹೆದರಿ, ಕಂಪನಿ ಬಿಡುಗಡೆ ಮಾಡದೆ ಕೈಬಿಟ್ಟಿತು. ಡೂಮ್ ವರ್ಷಗಟ್ಟಲೆ ಕಾಣಿಸಲಿಲ್ಲ. ತಿರುಗಿ ಬಂದಾಗ ಮುಖ ಮುಚ್ಚಿಕೊಂಡಿದ್ದ, ಕಾಮಿಕ್ಸ್‌ನ ವಿಲನ್ ಡಾಕ್ಟರ್ ಡೂಮ್ ಥರದ ಲೋಹದ ಮುಖವಾಡ. ಇದನ್ನು ಹೇಳುವಾಗ ನನ್ನ ತಮ್ಮ ಸುಮ್ನೆ ಫೋನ್ ಕಡೆ ನೋಡುತ್ತಿದ್ದ, ನನಗೂ ಏನು ಹೇಳಬೇಕೋ ತೋಚಲಿಲ್ಲ. ಫೋನಿನಲ್ಲಿದ್ದ ಕವರಿನಲ್ಲೂ ಅದೇ ಮುಖವಾಡ, ಪೂರ್ತಿ ಬೂದು ಬಣ್ಣ, ಮೂಲೆಯಲ್ಲಿ ಮಾತ್ರ ಒಂದು ಪುಟ್ಟ ಕಿತ್ತಳೆ ಚೌಕ.

ಸಂಜೆ ಅವನು ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ದೇಶದ ಸಿನಿಮಾ ಸಂಗೀತದ ತುಣುಕುಗಳಿಂದಲೇ ಮಾಡಿದ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಹಾಕಿದ. ಚೆನ್ನಾಗಿದೆ, ಖಂಡಿತ. ನಾವು ಕೇಳಿ ಬೆಳೆದ ಥರದ ಪಿಟೀಲು, ಢೋಲಕ್ ಎಲ್ಲ ಬೇರೆಯೇ ರೂಪದಲ್ಲಿ ಬರುತ್ತವೆ. ಆದರೆ ನನಗೆ ಪ್ರತಿ ಬೀಟಿನಲ್ಲೂ ಇಲ್ಲಿ ಡೂಮ್ ಬರಬೇಕಿತ್ತು, ಈ ಜಾಗ ಅವನದು ಅಂತಲೇ ಅನ್ನಿಸುತ್ತಿತ್ತು. ಹಾಗಂದಿದ್ದಕ್ಕೆ ತಮ್ಮ ಒಪ್ಪಲಿಲ್ಲ. ಮ್ಯಾಡ್‌ಲಿಬ್ ಬೀಟಿಗೆ ಯಾರ ದನಿಯೂ ಬೇಡ ಅಂತ ಅವನ ವಾದ. ನನ್ನ ಪ್ರಕಾರ ಮ್ಯಾಡ್‌ವಿಲನಿಯಲ್ಲಿ ಬೀಟ್ ಎಲ್ಲಿ ಹಿಂದೆ ಸರಿಯಬೇಕು ಅಂತ ಒಬ್ಬನಿಗೆ, ಮಾತು ಎಲ್ಲಿ ನಿಲ್ಲಿಸಬೇಕು ಅಂತ ಇನ್ನೊಬ್ಬನಿಗೆ ಗೊತ್ತಿತ್ತು, ಬರೀ ಬೀಟ್ ಇದ್ದರೆ ಆ ಕೊಡುಕೊಳ್ಳುವಿಕೆ ಸಿಗೋದಿಲ್ಲ. ಊಟಕ್ಕೆ ಕರೆಯುವವರೆಗೂ ಇದೇ ಜಗಳ. ಊಟ ಆದ ಮೇಲೆ ಅವನು ಲ್ಯಾಪ್‌ಟಾಪ್ ತಂದು ಒಂದೊಂದೇ ಬೀಟ್ ಹಾಕಿ ತೋರಿಸತೊಡಗಿದ.