ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಇಬ್ಬರ ಡೇರೆ ಪ್ರವಾಸ: ಟೈರು, ಗ್ಯಾಸು, ನೀರು

ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿಗೆ ಬಾಡಿಗೆ ಕಾರಿನಲ್ಲಿ ಹೋಗುವವರು ಕೀ ಕೈಗೆ ಬರುವ ಮುಂಚೆ ಕರಾರುಪತ್ರದಲ್ಲಿ ಡಾಂಬರಿಲ್ಲದ ರಸ್ತೆಯ ಬಗ್ಗೆ ಏನಿದೆ ಅಂತ ಓದಿ. 'ಫುಲ್ ಇನ್ಶೂರೆನ್ಸ್' ಅಂತ ಹೆಚ್ಚಿಗೆ ಹಣ ಕಟ್ಟಿದ್ದರೂ ಟೈರು, ಗಾಜು, ಗಾಡಿಯ ತಳಭಾಗ ಅದರಿಂದ ಹೊರಗುಳಿಯುವುದುಂಟು. ಇಲ್ಲಿ ಏಟು ಬೀಳುವುದೂ ಅವಕ್ಕೇ.

ಪೋರ್ಟ್ ಅಗಸ್ಟಾ, ಕ್ವಾರ್ನ್, ಹಾಕರ್ ಊರುಗಳ ಮೂಲಕ ವಿಲ್ಪೀನಾ ಡೇರೆ ತಾಣದವರೆಗೂ, ಮುಂದೆ ಬ್ಲಿನ್‌ಮನ್‌ವರೆಗೂ ಡಾಂಬರು ರಸ್ತೆಯೇ. ಆದರೆ ಈ ಸೀಮೆಯ ಜೀವ ಇರುವುದು ಬನ್ಯರೂ, ಬ್ರಾಚಿನಾ ಕಣಿವೆಗಳಲ್ಲಿ, ಅಲ್ಲಿರುವುದು ಜಲ್ಲಿ ಮತ್ತು ಒಣಗಿದ ಹಳ್ಳದ ಪಾತ್ರ. ಡಾಂಬರಿನ ಮೇಲೆ 36–38 ಪಿಎಸ್‌ಐ ಇರುವ ಟೈರನ್ನು ಜಲ್ಲಿ ಶುರುವಾಗುವಲ್ಲೇ ನಿಲ್ಲಿಸಿ ಸುಮಾರು 28ಕ್ಕೆ ಇಳಿಸಿ. ಗಾಳಿ ಬಿಗಿಯಾಗಿದ್ದರೆ ಚೂಪು ಕಲ್ಲು ನೇರ ಒಳಗಿಳಿಯುತ್ತದೆ, ಇಳಿಸಿದರೆ ರಬ್ಬರು ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ. ಗಾಳಿ ಇಳಿಸಿದ ಮೇಲೆ ವೇಗ 60 ದಾಟಬಾರದು. ದಾಟಿದರೆ ಪಕ್ಕದ ಗೋಡೆ ಬಿಸಿಯೇರಿ ಹರಿಯುತ್ತದೆ. ಮತ್ತೆ ಡಾಂಬರಿಗೆ ಬಂದಾಗ ತುಂಬಲು 12 ವೋಲ್ಟ್ ಕಂಪ್ರೆಸರ್ ಮತ್ತು ಪ್ರೆಶರ್ ಗೇಜ್ ಜೊತೆಗಿರಲಿ. ಸ್ಟೆಪ್ನಿಯನ್ನು ಇಳಿಸಿ ಕಣ್ಣಾರೆ ನೋಡಿ. ತೆಳ್ಳನೆಯ ತಾತ್ಕಾಲಿಕ ಚಕ್ರವಿದ್ದರೆ ಆ ಗಾಡಿಯನ್ನು ಕಣಿವೆಗೆ ಒಯ್ಯಬೇಡಿ. ಮಳೆ ಬಂದು ರಸ್ತೆ ಮುಚ್ಚಿದ ಫಲಕ ಕಂಡರೆ ಅಲ್ಲಿಂದಲೇ ಹಿಂತಿರುಗಿ.

ಜುಲೈ ಇಲ್ಲಿ ಚಳಿಗಾಲ, ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿರುವುದು ಹೆಚ್ಚಾಗಿ 'ಲಿಮಿಟ್' ಅಂಕಿ, ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ತಾಪಮಾನ. ನೀವು ನೋಡಬೇಕಾದ, ಹಾಯಾಗಿ ನಿದ್ದೆ ಬರುವ 'ಕಂಫರ್ಟ್' ಅಂಕಿ ಸೊನ್ನೆಯೋ ಅದಕ್ಕಿಂತ ಕೆಳಗೋ ಇರಲಿ. ಬೆಳಿಗ್ಗೆ ಎದ್ದು ಕಾಫಿಗೆ ಒಲೆ ಹಚ್ಚಿದರೆ ಉರಿ ನೀಲಿ ಚುಕ್ಕಿಯಷ್ಟಾಗಿ ಆರಿಹೋಗುತ್ತದೆ. ಅಗ್ಗದ ಉದ್ದ ಡಬ್ಬಿಯಲ್ಲಿರುವ ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ ಆವಿಯಾಗುವುದೇ ಇಲ್ಲ. ಒಂದೋ ಪ್ರೊಪೇನ್ ಬೆರೆತ ಡಬ್ಬಿ ತನ್ನಿ, ಇಲ್ಲವೇ ಹಚ್ಚುವ ಮುನ್ನ ಡಬ್ಬಿಯನ್ನು ಜಾಕೆಟಿನೊಳಗೆ ಹತ್ತು ನಿಮಿಷ ಇಟ್ಟುಕೊಳ್ಳಿ. ಬೆಂಕಿಯ ಹತ್ತಿರ ಹಿಡಿಯಲೇಬೇಡಿ. ನೆಲ ಕಲ್ಲು, ಡೇರೆಯ ಜೊತೆ ಬರುವ ಅಲ್ಯೂಮಿನಿಯಂ ಗೂಟ ಎರಡನೇ ಏಟಿಗೇ ಬಾಗುತ್ತದೆ. ಒಂದಡಿ ಉದ್ದದ ಹತ್ತು ಉಕ್ಕಿನ ಗೂಟ, ಒಂದು ಸುತ್ತಿಗೆ ಬೇಕು.

ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರದ ನೆರಳು ಎಷ್ಟೇ ಕರೆದರೂ ಕೆಳಗೆ ಡೇರೆ ಹಾಕಬೇಡಿ. ಗಾಳಿಯಿಲ್ಲದ ದಿನವೂ ಕೊಂಬೆ ಮುರಿದು ಬೀಳುತ್ತದೆ. ಹಳ್ಳದ ಮರಳಿನ ಮೇಲೂ ಬೇಡ.

ವಿಲ್ಪೀನಾದಲ್ಲಿ ಬಿಸಿನೀರಿನ ಸ್ನಾನವಿದೆ, ಪೆಟ್ರೋಲ್ ಇದೆ, ಶಾಲಾ ರಜೆಯಲ್ಲಿ ಜಾತ್ರೆಯಷ್ಟು ಜನವೂ ಇರುತ್ತಾರೆ. ಜನಜಂಗುಳಿ ಸಹಿಸದವರಿಗೆ ನಮ್ಮ ಸಲಹೆ ಅರೂನಾ ಅಥವಾ ಟ್ರೆಜೋನಾ ಡೇರೆ ತಾಣ. ಗುಂಡಿ ಕಕ್ಕಸು ಬಿಟ್ಟರೆ ಅಲ್ಲಿ ಹೆಚ್ಚೇನನ್ನೂ ನಂಬಬೇಡಿ. ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕದಲ್ಲಿ ನೀರು ತುಂಬಿಕೊಳ್ಳಿ, ಒಂದೇ ದೊಡ್ಡ ಕ್ಯಾನಿನ ಬದಲು ಎರಡರಲ್ಲಿ. ಒಂದು ಸೋರಿದರೂ ಇನ್ನೊಂದು ಉಳಿಯಲಿ. ಡೇರೆ ಹಾಕುವ ಜಾಗವನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು, ಕಣಿವೆಯಲ್ಲಿ ಸಿಗ್ನಲ್ ಸಿಗದು. ಹಾಕರ್ ಬಿಡುವ ಮೊದಲೇ ಮುಗಿಸಿ.

ಮೆಲ್ಬರ್ನ್‌ನಿಂದ ಮಿಲ್ಡೂರಾ ದಾರಿಯಲ್ಲಿ ಬರುವವರು ಟೊಮೆಟೊ, ಹಸಿಮೆಣಸಿನಕಾಯಿ, ಮಾವು ತರಬೇಡಿ. ಹಣ್ಣುನೊಣದ ತಡೆಗಾಗಿ ಯಾಂಬಾ ತಪಾಸಣಾ ಠಾಣೆಯಲ್ಲಿ ಬಿಟ್ಟು ಬರಬೇಕಾಗುತ್ತದೆ. ಒಣಮೆಣಸು, ಹುಣಸೆ, ಸಾರಿನ ಪುಡಿ ಸಾಕು.

ತಿನ್ನುವ ವಿಷಯಕ್ಕೆ ಬಂದರೆ, ದಾರಿಯ ಊರುಗಳ ಬೇಕರಿಗಳಲ್ಲಿ ಕ್ವಾಂಡಾಂಗ್ ಎಂಬ ಕಾಡುಹಣ್ಣಿನ ಪೈ ಕೇಳಿ. ಕ್ವಾಂಡಾಂಗ್ ನಮ್ಮ ಶ್ರೀಗಂಧದ ದಾಯಾದಿ, ಎರಡೂ ಸ್ಯಾಂಟಲಮ್ ಕುಲದವು, ಎರಡೂ ನೆರೆಯ ಗಿಡದ ಬೇರಿಗೆ ಬಾಯಿ ಹಾಕಿ ಬದುಕುತ್ತವೆ. ಹಣ್ಣು ಕೆಂಪು, ಬೀಜ ಗೋಲಿಯಷ್ಟು ಗುಂಡಗೆ, ಮೈತುಂಬ ಗುಳಿ. ತೆಳುವಾದ ತಿರುಳಿನ ಹುಳಿ ಸಕ್ಕರೆಗೂ ಬಗ್ಗುವುದಿಲ್ಲ. ಬಿಸಿ ಪೈಯ ಅಂಚಿನಲ್ಲಿ ಉಕ್ಕಿ ಗಟ್ಟಿಯಾದ ಕೆಂಪು ರಸ ಇದೆಯಲ್ಲ, ಅದನ್ನು ಬಿಡಬೇಡಿ. ಕ್ರೀಮ್ ಹಾಕಿಸಿಕೊಂಡರೆ ಹುಳಿ ಸತ್ತುಹೋಗುತ್ತದೆ.

1,171 ಮೀಟರ್ ಎತ್ತರದ ಸೇಂಟ್ ಮೇರಿ ಶಿಖರದ ತುದಿಗೆ ಯಾರೂ ಹತ್ತದಿರಲಿ ಎಂಬುದು ಈ ನೆಲದ ಅದ್ನ್ಯಮತನ ಜನರ ಕೋರಿಕೆ. ತುದಿಗಿಂತ ಕೆಳಗಿರುವ ಟಂಡೆರಾ ಸ್ಯಾಡಲ್ ಎಂಬ ಬೆಟ್ಟದ ತಗ್ಗಿನಲ್ಲಿ ನಿಂತು ಹಿಂತಿರುಗಿ. ಹಳದಿ ಕಾಲಿನ ಬಂಡೆ ವಾಲಬಿ (ಕಾಂಗರೂ ಜಾತಿಯ ಚಿಕ್ಕ ಪ್ರಾಣಿ) ನೋಡಲು ಬ್ರಾಚಿನಾದ ಕಲ್ಲುರಾಶಿಗಳ ಎದುರು ಬೆಳಿಗ್ಗೆ ಸದ್ದಿಲ್ಲದೆ ಕೂರಬೇಕು. ಸಂಜೆಯೂ ಕಾಣುತ್ತವೆ, ಆದರೆ ಕತ್ತಲಾದ ಮೇಲೆ ಡೇರೆಗೆ ಗಾಡಿ ಓಡಿಸುವಾಗ ಕಾಂಗರೂ ಅಡ್ಡ ಬರುತ್ತವೆ.