ಬಡಗಿ ರಿಚರ್ಡ್ ಡೇಲ್

ಇವತ್ತು ಇಂಗ್ಲೆಂಡಿನ ಚೆಶೈರ್‌ನ ಲಿಟ್ಲ್ ಮೊರೆಟನ್ ಹಾಲ್ ನೋಡ್ಕೊಂಡ್ ಬಂದೆ. ಸುತ್ತ ನೀರಿನ ಕಂದಕ, ಮಧ್ಯ ಕಪ್ಪುಬಿಳುಪು ಮರದ ಮನೆ.

ಅಂಗಳದ ದೊಡ್ಡ ಕಿಟಕಿಗಳ ಹತ್ರ ನಿಂತೇ ಬಿಟ್ಟೆ. 1559ರಲ್ಲಿ ವಿಲಿಯಂ ಮೊರೆಟನ್ ಮಾಡಿಸಿದ್ದು ಅಂತ ಮರದಲ್ಲೇ ಕೆತ್ತಿದೆ, ಅದ್ರ ಜೊತೆಗೇ ಬಡಗಿ ರಿಚರ್ಡ್ ಡೇಲ್ ದೇವರ ದಯೆಯಿಂದ ಇದನ್ನ ಮಾಡಿದ ಅಂತಾನೂ ಇದೆ. ದುಡ್ಡು ಕೊಟ್ಟೋರ ಹೆಸರು ಎಲ್ಲಾ ಕಡೆ ಸಿಗುತ್ತೆ ಕಣ್ರೀ, ಉಳಿ ಹಿಡಿದೋನ ಹೆಸರು ಎಷ್ಟು ಕಡೆ ಇರುತ್ತೆ ಹೇಳಿ? ಎದೆ ತುಂಬಿ ಬಂತು ನಂಗೆ.

ಮನೆ ಪೂರ್ತಿ ನಿಂತಿರೋದು ಓಕ್ ಚೌಕಟ್ಟಿನ ಮೇಲೆ. ಮೇಲ್ಗಡೆ ಉದ್ದದ ಗ್ಯಾಲರಿ ಕಟ್ಟಿ, ಅದ್ರ ಮೇಲೆ ಭಾರೀ ಕಲ್ಲು ಚಪ್ಪಡಿಗಳನ್ನೇ ಹೊದಿಸಿದಾರೆ, ಆ ತೂಕಕ್ಕೆ ಕೆಳಗಿನ ಮರ ಎಲ್ಲಾ ಬಾಗಿ ಇಡೀ ಮನೆ ಸೊಟ್ಟ ಆಗಿದೆ, ಆದ್ರೂ ಬಿದ್ದಿಲ್ಲ.

1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಸಿವಿಲ್ ವಾರ್‌ನಲ್ಲಿ ಮೊರೆಟನ್‌ಗಳು ರಾಜನ ಕಡೆ ನಿಂತು ಸಾಲಕ್ಕೆ ಸಿಕ್ಕಾಕೊಂಡ್ರು, ಆಮೇಲೆ ಮನೆ ರೈತರಿಗೆ ಬಾಡಿಗೆಗೆ ಹೋಯ್ತು. ಕೈಲಿ ದುಡ್ಡಿದ್ದಿದ್ರೆ ಒಡೆದು ಹೊಸದು ಕಟ್ತಿದ್ರೇನೋ ಅನ್ಸುತ್ತೆ.

ಕೊನೆಗೆ ಮನೆ ಬಂದಿದ್ದು ಎಲಿಜಬೆತ್ ಮೊರೆಟನ್‌ಗೆ, ಆಕೆ ಕ್ರೈಸ್ತ ಸನ್ಯಾಸಿನಿ. ಒಳಗಿನ ಚಾಪೆಲ್ (ಪ್ರಾರ್ಥನೆ ಕೋಣೆ) ರಿಪೇರಿ ಮಾಡ್ಸಿ, ಮನೆ ಯಾವತ್ತೂ ಮಾರಬಾರದು ಅಂತ ಷರತ್ತು ಹಾಕಿ, 1912ರಲ್ಲಿ ಬಿಷಪ್ ಆಗಿದ್ದ ಕಸಿನ್‌ಗೆ ಬಿಟ್ಟು ಹೋದ್ರು. ಅವ್ರೂ ಮಾರ್ಲಿಲ್ಲ, 1938ರಲ್ಲಿ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ರು. ಆ ಸನ್ಯಾಸಿನಿಗೆ ನಾವೆಲ್ಲಾ ಋಣಿಗಳು.