ತಿಂಗಳಿಗೊಂದು ಶನಿವಾರ

ನಮ್ಮ ಶಾಲೆಯ ಸ್ಕೌಟ್ ದಳ ತಿಂಗಳಿಗೊಮ್ಮೆ ತಪ್ಪದೆ ಹೊರಡುತ್ತಿತ್ತು. ಶನಿವಾರ ಮಧ್ಯಾಹ್ನ ಬೆನ್ನಿಗೆ ಚೀಲ ಏರಿಸಿ ನಡೆಯಲು ತೊಡಗಿದರೆ, ರಾತ್ರಿಯನ್ನು ಡೇರೆಯಲ್ಲಿ ಕಳೆದು ಭಾನುವಾರ ಸಂಜೆಗೆ ಮರಳುತ್ತಿದ್ದೆವು. ಮಳೆಯೆಂದು ರಜೆಯಿರಲಿಲ್ಲ, ಚಳಿಯೆಂದು ವಿನಾಯಿತಿಯಿರಲಿಲ್ಲ. ಪರೀಕ್ಷೆಯ ದಿನಗಳನ್ನು ಬಿಟ್ಟರೆ ಈ ಕ್ರಮ ತಪ್ಪಿದ್ದನ್ನು ನಾನು ಕಾಣೆ. ಶಾಲೆ ಬಿಟ್ಟು ಇಷ್ಟು ಕಾಲವಾದ ಮೇಲೆ ಶಾಲೆಯ ಸಂಚಿಕೆಗಾಗಿ ಬರೆಯಲು ಕುಳಿತಾಗ ಆ ಶನಿವಾರಗಳೇ ಮೊದಲು ನೆನಪಿಗೆ ಬಂದವು. ಅವುಗಳ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ನಮ್ಮ ದಳದ ಹುಡುಗರು ಏನಾದರೂ ಕಲಿತಿದ್ದರೆ ಅದು ಶಿಬಿರ ತಿಂಗಳು ತಿಂಗಳೂ ಮರಳಿ ಬರುತ್ತಿದ್ದುದರಿಂದ.

ವರ್ಷಕ್ಕೊಮ್ಮೆ ಶಿಬಿರ ಕಂಡ ಹುಡುಗ ಡೇರೆಯ ಗೂಟ ಹೊಡೆಯಲು ಕಲಿತು, ಮತ್ತೊಂದು ಶಿಬಿರದ ಹೊತ್ತಿಗೆ ಅದನ್ನು ಮರೆತಿರುತ್ತಾನೆ. ಅವನ ಪಾಲಿಗೆ ಶಿಬಿರವೆಂದರೆ ಒಂದು ಹಬ್ಬ. ನಮಗಾದರೋ ಕಳೆದ ಸಲ ಒದ್ದೆಯಾದ ಹೊದಿಕೆಯ ನೆನಪು ಮಾಸುವ ಮುನ್ನವೇ ಮುಂದಿನ ಶನಿವಾರ ಎದುರಿಗೆ ಬಂದು ನಿಲ್ಲುತ್ತಿತ್ತು. ಹಗ್ಗದ ಗಂಟು ಜಾರಿದ್ದು ಏಕೆ, ಟಾರ್ಚು ಬೇಕಾದಾಗ ಚೀಲದ ತಳದಲ್ಲಿ ಸಿಕ್ಕಿಕೊಂಡಿದ್ದು ಏಕೆ ಎಂಬುದನ್ನು ಸೋಮವಾರದ ಸಭೆಯಲ್ಲಿ ಮಾತಾಡಿ, ನಾಲ್ಕು ವಾರದೊಳಗೆ ಅದನ್ನು ಸರಿಪಡಿಸಿ ನೋಡುವ ಅವಕಾಶವಿತ್ತು. ಕಲಿಕೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ.

ಹೊರಡುವ ಹಿಂದಿನ ಸಂಜೆ ಚೀಲಗಳ ತಪಾಸಣೆ. ನಮ್ಮ ಸ್ಕೌಟ್ ಮಾಸ್ಟರ್ ಸಾಲಿನುದ್ದಕ್ಕೂ ನಡೆದು ಪ್ರತಿ ಚೀಲವನ್ನೂ ಒಂದು ಕೈಯಲ್ಲಿ ಎತ್ತಿ ಇಳಿಸುತ್ತಿದ್ದರು. ಹುಡುಗನ ತೂಕದ ಐದನೇ ಒಂದು ಪಾಲಿನಷ್ಟು ಹೊರೆ ಸಾಕು, ನಾಲ್ಕನೇ ಒಂದು ಪಾಲನ್ನು ಯಾವ ಕಾರಣಕ್ಕೂ ಮೀರಬಾರದು ಎಂಬುದು ಅವರ ಕಟ್ಟಳೆ. 40 ಕಿಲೋ ತೂಗುವ ಹುಡುಗನಿಗೆ 8 ಕಿಲೋ, ಹೆಚ್ಚೆಂದರೆ 10. ಇದರಲ್ಲಿ ನೀರೂ ಸೇರುತ್ತಿತ್ತು. ಒಂದು ಲೀಟರು ನೀರೆಂದರೆ ಒಂದು ಕಿಲೋ, ಅದನ್ನು ಕಡಿಮೆ ಮಾಡುವಂತಿಲ್ಲ. ಹಾಗಾಗಿ ಉಳಿದದ್ದರಲ್ಲೇ ಆಯ್ದುಕೊಳ್ಳಬೇಕು. ಎರಡನೆಯ ಜೊತೆ ಬೂಟು ಬೇಕೋ, ಒಣಗಿದ ಇನ್ನೊಂದು ಜೊತೆ ಕಾಲುಚೀಲ ಬೇಕೋ? ಇಂಥ ಪ್ರಶ್ನೆಗಳನ್ನು ಹನ್ನೊಂದು, ಹನ್ನೆರಡು ವರ್ಷದ ಮಕ್ಕಳು ಬಹಳ ಗಂಭೀರವಾಗಿ ಚರ್ಚಿಸುತ್ತಿದ್ದರು.

ತುಂಬುವುದಕ್ಕೂ ಒಂದು ಕ್ರಮವಿತ್ತು. ಮಲಗುವ ಹೊತ್ತಿಗಷ್ಟೇ ಬೇಕಾದ ಸ್ಲೀಪಿಂಗ್ ಬ್ಯಾಗ್ ತಳಕ್ಕೆ. ಪಾತ್ರೆ, ಅಡುಗೆ ಸಾಮಾನಿನಂಥ ಭಾರದ ವಸ್ತುಗಳು ಹೆಗಲಿನ ಮೂಳೆಗಳ ಎತ್ತರದಲ್ಲಿ, ಬೆನ್ನಿಗೆ ಒತ್ತಿಕೊಂಡಂತೆ. ರೇನ್‌ಕೋಟ್ ಎಲ್ಲಕ್ಕಿಂತ ಮೇಲೆ. ಭಾರ ಬೆನ್ನಿನಿಂದ ದೂರ ಸರಿದಷ್ಟೂ ಚೀಲ ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಅವನು ಮುಂದಕ್ಕೆ ಬಾಗುತ್ತಾನೆ, ಒಂದು ಗಂಟೆಯೊಳಗೆ ಸೊಂಟ ನೋಯುತ್ತದೆ. ಸೊಂಟಪಟ್ಟಿಯನ್ನು ಬಿಗಿದರೆ ಹೆಚ್ಚಿನ ಭಾರ ಹೆಗಲನ್ನು ಬಿಟ್ಟು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಹೊಸಬನೊಬ್ಬ ಮೊದಲ ಸಲ ಲೋಟ, ತಟ್ಟೆ, ಬೂಟುಗಳನ್ನೆಲ್ಲ ಚೀಲದ ಹೊರಗೆ ನೇತುಹಾಕಿಕೊಂಡು ದಾರಿಯುದ್ದಕ್ಕೂ ಸದ್ದು ಮಾಡುತ್ತ ಬಂದಿದ್ದ. ಕೆಲವೇ ತಿಂಗಳಲ್ಲಿ ಅವನ ಚೀಲದಷ್ಟು ಅಚ್ಚುಕಟ್ಟಾದ ಚೀಲ ದಳದಲ್ಲಿ ಇನ್ನೊಂದಿರಲಿಲ್ಲ. ಅವನನ್ನು ಯಾರೂ ಗದರಿರಲಿಲ್ಲ.

ಗದರುವುದು ನಮ್ಮ ಮಾಸ್ಟರರ ರೀತಿಯೇ ಆಗಿರಲಿಲ್ಲ. ದಳದಲ್ಲಿ ಆರೆಂಟು ಹುಡುಗರಿಗೊಂದರಂತೆ ಪ್ಯಾಟ್ರೋಲ್‌ಗಳಿದ್ದವು. ಪ್ರತಿಯೊಂದಕ್ಕೂ ನಮ್ಮಲ್ಲೇ ಸ್ವಲ್ಪ ದೊಡ್ಡವನಾದ ಒಬ್ಬ ಲೀಡರ್. ಎಲ್ಲಿ ನಿಲ್ಲಬೇಕು, ಯಾರು ನೀರು ತರಬೇಕು, ಡೇರೆಯ ಕೋಲುಗಳನ್ನು ಯಾರು ಹೊರಬೇಕು, ಬಟ್ಟೆಯನ್ನು ಯಾರು ಹೊರಬೇಕು ಎಂಬುದೆಲ್ಲ ಅವನ ತೀರ್ಮಾನ. ಮುಂದಿನ ಪ್ರವಾಸ ಎತ್ತ ಎಂಬುದನ್ನು ಲೀಡರುಗಳೆಲ್ಲ ಕೋರ್ಟ್ ಆಫ್ ಆನರ್ ಎಂಬ ಸಭೆಯಲ್ಲಿ ಕುಳಿತು ನಿರ್ಧರಿಸುತ್ತಿದ್ದರು. ನಾವು ಗೊಂದಲದಲ್ಲಿ ಸಿಕ್ಕಿ ಮಾಸ್ಟರರ ಕಡೆ ತಿರುಗಿದರೆ ಅವರು, "ನಿಮ್ಮ ಲೀಡರ್ ಅಲ್ಲಿದ್ದಾನೆ, ಅವನನ್ನು ಕೇಳಿ" ಎಂದು ಶಾಂತವಾಗಿ ಹೇಳುತ್ತಿದ್ದರು.

ಇದು ಅವರ ಸ್ವಂತ ಕಲ್ಪನೆಯಲ್ಲ, ಸ್ಕೌಟ್ ಚಳವಳಿಯ ಬೇರಿನಲ್ಲೇ ಇರುವುದು ಎಂದು ಶಿಬಿರಾಗ್ನಿಯ ಬಳಿ ಅವರು ವಿವರಿಸಿದ್ದುಂಟು. 1899ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಅಲ್ಲಿನ ಹುಡುಗರ ಕೆಡೆಟ್ ದಳ ಸಂದೇಶಗಳನ್ನು ಸಾಗಿಸುವ ಕೆಲಸವನ್ನು ಹೊತ್ತಿತ್ತು. ಪಟ್ಟಣದ ರಕ್ಷಣೆಯ ಹೊಣೆಯಲ್ಲಿದ್ದ, ಮುಂದೆ ಸ್ಕೌಟ್ ಚಳವಳಿಯನ್ನು ಆರಂಭಿಸಿದ ಸೇನಾಧಿಕಾರಿ ಬೇಡನ್ ಪೊವೆಲ್ ಅದನ್ನು ಕಣ್ಣಾರೆ ನೋಡಿದ್ದರು. ಹುಡುಗರ ಮೇಲೆ ಹೊಣೆ ಹೊರಿಸಿದರೆ ಅವರು ಹೊರುತ್ತಾರೆ ಎಂಬ ನಂಬಿಕೆಯನ್ನು ಅವರು 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರೊಂದಿಗೆ ಪರೀಕ್ಷಿಸಿದರು. ಸಿರಿವಂತರ ಶಾಲೆಗಳಿಂದ ಬಂದವರೂ ದುಡಿಯುವ ಕುಟುಂಬಗಳಿಂದ ಬಂದವರೂ ಅಲ್ಲಿ ಒಟ್ಟಿಗಿದ್ದರು. ತೋಳ, ಗೂಳಿ, ರೇವನ್, ಕರ್ಲ್ಯೂ ಎಂದು ಪ್ರಾಣಿ ಪಕ್ಷಿಗಳ ಹೆಸರಿನ ನಾಲ್ಕು ಪ್ಯಾಟ್ರೋಲ್‌ಗಳು, ಪ್ರತಿಯೊಂದಕ್ಕೂ ಒಬ್ಬ ಹುಡುಗನೇ ನಾಯಕ. ನಮ್ಮ ಮಾಸ್ಟರ್ ಈ ಕಥೆಯನ್ನು ಹೇಳುವಾಗ ಬೇಡನ್ ಪೊವೆಲ್ಲರ ಸಾಹಸಗಳ ಮೇಲೆ ಹೆಚ್ಚು ನಿಲ್ಲುತ್ತಿರಲಿಲ್ಲ. ಆ ನಾಲ್ವರು ನಾಯಕರ ವಿಷಯಕ್ಕೆ ಬಂದಾಗ ಮಾತ್ರ ಅವರ ದನಿ ಏರುತ್ತಿತ್ತು.

ನಡಿಗೆಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ನಡೆಯುವವನು ಮುಂದೆ. ದಳದ ವೇಗ ಅವನ ವೇಗ. ಬಲಿಷ್ಠರು ಮುಂದೆ ಓಡಿ ಕಾದು ಕುಳಿತರೆ, ಹಿಂದಿದ್ದವನು ತಲುಪುವ ಹೊತ್ತಿಗೆ ಅವರ ವಿಶ್ರಾಂತಿ ಮುಗಿದಿರುತ್ತದೆ, ಅವನಿಗೆ ಮಾತ್ರ ವಿಶ್ರಾಂತಿಯೇ ಸಿಗುವುದಿಲ್ಲ. ಈ ಸಣ್ಣ ನ್ಯಾಯವನ್ನು ನಾನು ಪುಸ್ತಕದಲ್ಲಿ ಓದಿದ್ದರೆ ಮರೆತುಬಿಡುತ್ತಿದ್ದೆ. ಕಾಲಿನಲ್ಲಿ ಎಲ್ಲಾದರೂ ಉರಿ ಕಾಣಿಸಿಕೊಂಡ ಕೂಡಲೇ ನಿಲ್ಲಿಸಿ ಹೇಳಬೇಕೆಂಬುದು ಇನ್ನೊಂದು ನಿಯಮ. ಬೊಬ್ಬೆ ಏಳುವ ಮುನ್ನ ಪಟ್ಟಿ ಅಂಟಿಸಿದರೆ ಎರಡು ನಿಮಿಷದ ಕೆಲಸ, ಎದ್ದ ಮೇಲೆ ಎರಡು ದಿನದ ನೋವು.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಬಳಸುತ್ತಿದ್ದೆವು. ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೊರೆ ಹೊತ್ತ ಮಕ್ಕಳಿಗೆ ಅದು ಸಾಲದು. ನಮ್ಮ ಪ್ಯಾಟ್ರೋಲ್ ಹಲವು ತಿಂಗಳ ಅನುಭವದಿಂದ ಅದಕ್ಕೆ ಅರ್ಧದಷ್ಟು ಹೊತ್ತು ಕೂಡಿಸಿಕೊಳ್ಳಲು ಕಲಿತಿತ್ತು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳು ಒತ್ತೊತ್ತಾಗಿ ಕಂಡರೆ ಅಲ್ಲಿ ಕಡಿದಾದ ಏರು ಎಂದು ತರಗತಿಯಲ್ಲೂ ಕಲಿಸಿದ್ದರು. ಬೆನ್ನ ಮೇಲೆ ಹೊರೆಯಿಟ್ಟುಕೊಂಡು ಆ ರೇಖೆಗಳನ್ನು ಒಂದೊಂದಾಗಿ ದಾಟಿದ ಮೇಲೆ ನಕ್ಷೆಯನ್ನು ನಾವು ಓದುವ ಬಗೆಯೇ ಬದಲಾಯಿತು.

ಒಂದು ಮಧ್ಯಾಹ್ನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಬೆಟ್ಟದ ಏಣಿನ ಮೇಲೆ ಸಾಗುತ್ತಿದ್ದೆವು. ರಾತ್ರಿ ತಂಗಬೇಕಾಗಿದ್ದ ಜಾಗ ಎದುರಿಗೇ, ಅರ್ಧ ಗಂಟೆಯ ದೂರದಲ್ಲಿ ಕಾಣುತ್ತಿತ್ತು. ತಿಂಗಳುಗಳಿಂದ ನಾವು ಅಲ್ಲಿಗೆ ಹೋಗುವ ಆಸೆ ಹೊತ್ತಿದ್ದೆವು. ಅಷ್ಟರಲ್ಲಿ ದಿಗಂತದಲ್ಲಿ ಮಿಂಚು ಹೊಳೆಯಿತು. ನಮ್ಮ ಲೀಡರ್ ನಿಂತು ತುಟಿಯಲ್ಲೇ ಎಣಿಸಿದ. ಇನ್ನೊಂದು ಮಿಂಚು, ಮತ್ತೆ ಎಣಿಕೆ. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಎತ್ತರದ ಬಯಲಿನಲ್ಲಿ ಇರಬಾರದು ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಕಣ್ಣು ಎದುರಿನ ಜಾಗದ ಮೇಲೇ ಇತ್ತು. "ಓಡಿದರೆ ಹತ್ತೇ ನಿಮಿಷ" ಎಂದು ಒಬ್ಬ, "ಮಳೆ ಆ ಕಡೆ ಹೋಗುತ್ತದೆ" ಎಂದು ಇನ್ನೊಬ್ಬ. ಲೀಡರ್‌ಗೆ ಆಗ ಹದಿನಾಲ್ಕು ವರ್ಷ. "ಇಳಿಯೋಣ" ಎಂದಷ್ಟೇ ಹೇಳಿ ಅವನು ಏಣು ಬಿಟ್ಟು ಕೆಳಕ್ಕೆ ತಿರುಗಿದ.

ತಗ್ಗಿನಲ್ಲಿ, ಒಂದೇ ಎತ್ತರದ ಮರಗಳು ದಟ್ಟವಾಗಿದ್ದ ಕಡೆ, ಒಬ್ಬರಿಂದೊಬ್ಬರು ದೂರ ದೂರ ಕುಕ್ಕರಗಾಲಿನಲ್ಲಿ ಕುಳಿತೆವು. ಮಳೆ ಸುರಿಯಿತು. ಏಣಿನ ಮೇಲೆ ಗುಡುಗು ಬಹಳ ಹೊತ್ತು ಅಲೆದಾಡಿತು. ಕೊನೆಯ ಗುಡುಗಿನ ನಂತರ ಪೂರ್ತಿ 30 ನಿಮಿಷ ಕಳೆಯುವವರೆಗೂ ಲೀಡರ್ ಯಾರನ್ನೂ ಏಳಗೊಡಲಿಲ್ಲ. ಪ್ರತಿ ಹೊಸ ಗುಡುಗಿಗೂ ಅವನ ಲೆಕ್ಕ ಮೊದಲಿನಿಂದ ಶುರುವಾಗುತ್ತಿತ್ತು. ಆಮೇಲೆ ಕತ್ತಲು ಕವಿಯುವ ಮುನ್ನ ಸಿಕ್ಕಿದ ಜಾಗದಲ್ಲಿ ಡೇರೆ ಹಾಕಿದೆವು. ಅವಸರದಲ್ಲೂ ಅವನು ತೊರೆಯ ಒಣ ಪಾತ್ರವನ್ನು ಬಿಟ್ಟ, ಕಣಿವೆಯ ತಳವನ್ನೂ ಬಿಟ್ಟ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಳಕ್ಕೆ ಇಳಿಯುವುದರಿಂದ ಅಲ್ಲಿ ಚಳಿ ಹೆಚ್ಚು. ತಲೆಯ ಮೇಲೆ ಒಣಗಿದ ಕೊಂಬೆಗಳಿಲ್ಲವೆಂದು ಟಾರ್ಚು ಹಾಕಿ ನೋಡಿದ. ನಮ್ಮ ಹಳೆಯ ಡೇರೆಗಳ ಹತ್ತಿಯ ಹಗ್ಗಗಳು ನೆನೆದು ಕುಗ್ಗಿ ಗೂಟಗಳನ್ನು ಕಿತ್ತುಬಿಡುತ್ತವೆಂದು ಎಲ್ಲವನ್ನೂ ತುಸು ಸಡಿಲಿಸಲು ಹೇಳಿದ.

ಮಾಸ್ಟರ್ ಇಡೀ ಹೊತ್ತು ಸಾಲಿನ ಕೊನೆಯಲ್ಲಿದ್ದರು, ಒಂದು ಮಾತೂ ಆಡಿರಲಿಲ್ಲ. ರಾತ್ರಿ ಡೇರೆಯಿಂದ ಡೇರೆಗೆ ಬಂದು ನಮ್ಮ ಒಣ ಬಟ್ಟೆಗಳನ್ನು ವಿಚಾರಿಸುವಾಗ ಲೀಡರ್ ಕೇಳಿದ: "ಸರ್, ನಾನು ಇಳಿಯೋಣ ಎಂದಿದ್ದು ಸರಿಯಾಗಿತ್ತೇ?" ಅವರು, "ನಾನೂ ಎಣಿಸುತ್ತಿದ್ದೆ. ನೀನು ಇನ್ನೊಂದು ಮಿಂಚು ಕಾದಿದ್ದರೆ ನಾನೇ ಹೇಳುತ್ತಿದ್ದೆ" ಎಂದರು. ಆ ಉತ್ತರವನ್ನು ನಾನು ದೊಡ್ಡವನಾದ ಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಹುಡುಗನಿಗೆ ನಿರ್ಧಾರವನ್ನು ಬಿಟ್ಟುಕೊಟ್ಟು, ಅಪಾಯದ ಗೆರೆಯ ಬಳಿ ತಾವು ಎಚ್ಚರವಾಗಿ ನಿಂತಿದ್ದರು. ಮಕ್ಕಳನ್ನು ಬೆಳೆಸುವವರೆಲ್ಲರಿಗೂ ಆ ನಿಲುವು ಸಾಧ್ಯವಾಗಬೇಕೆಂದು ನನ್ನ ಆಸೆ. ಹಾಗೆ ನಿಲ್ಲುವುದು ಎಷ್ಟು ಕಷ್ಟವೆಂದು ಈಗ ನನಗೆ ತಿಳಿದಿದೆ.

ಜಾಗ ಬಿಡುವಾಗ ಅವರ ಕಟ್ಟುನಿಟ್ಟು ಇನ್ನಷ್ಟು ಹೆಚ್ಚು. ಪಾತ್ರೆ ತೊಳೆಯುವುದೂ ಶೌಚವೂ ನೀರಿನಿಂದ 60 ಮೀಟರಾದರೂ ದೂರ. ಶೌಚದ ಗುಂಡಿ 15ರಿಂದ 20 ಸೆಂಟಿಮೀಟರು ಆಳ, ಆಮೇಲೆ ಮಣ್ಣು ಮುಚ್ಚಬೇಕು. ಬೆಂಕಿಯ ಜಾಗಕ್ಕೆ ನೀರು ಸುರಿದು, ಕದಡಿ, ಮತ್ತೆ ಸುರಿದು, ಕೈಯ ಹಿಂಬದಿಗೆ ಬಿಸಿ ತಾಗದಾಗ ಮಾತ್ರ ಹೊರಡುವುದು. ಎಲ್ಲರೂ ಸಾಲಾಗಿ ನಿಂತು ನೆಲ ನೋಡುತ್ತ ಜಾಗವನ್ನು ಒಂದು ಸಲ ದಾಟುತ್ತಿದ್ದೆವು. ಬೇರೆ ಯಾರೋ ಬಿಟ್ಟುಹೋದ ಕಸವೂ ನಮ್ಮ ಚೀಲ ಸೇರುತ್ತಿತ್ತು.

ಮುಂದೆ ಹೋದ ಪ್ಯಾಟ್ರೋಲ್ ಹಿಂದಿನವರಿಗಾಗಿ ಕಲ್ಲು, ಕಡ್ಡಿಗಳಿಂದ ದಾರಿಯ ಗುರುತುಗಳನ್ನು ಇಡುತ್ತಿತ್ತು. ಬಾಣ ಇದ್ದರೆ ಈ ದಾರಿ, ಅಡ್ಡ ಗೀಟುಗಳಿದ್ದರೆ ಇತ್ತ ಬರಬೇಡಿ. ವೃತ್ತದ ನಡುವೆ ಒಂದು ಚುಕ್ಕೆ ಇದ್ದರೆ ನಾನು ಮನೆಗೆ ಮರಳಿದ್ದೇನೆ ಎಂದರ್ಥ. 1941ರಲ್ಲಿ ತೀರಿಕೊಂಡ ಬೇಡನ್ ಪೊವೆಲ್ಲರ ಸಮಾಧಿ ಕೀನ್ಯಾದ ನ್ಯೇರಿಯಲ್ಲಿದೆ. ಅದರ ಕಲ್ಲಿನ ಮೇಲೂ ಇದೇ ಗುರುತಿದೆ ಎಂದು ಮಾಸ್ಟರ್ ಹೇಳಿದ ದಿನ ನಾವು ಚಿಕ್ಕವರು ಆ ವೃತ್ತವನ್ನು ಬಹಳ ಜತನದಿಂದ ಜೋಡಿಸಿದೆವು.

ಪ್ರತಿ ಪ್ಯಾಟ್ರೋಲಿಗೂ ಒಂದು ದಾಖಲೆ ಪುಸ್ತಕವಿತ್ತು. ಹೊರಟ ಹೊತ್ತು, ತಲುಪಿದ ಹೊತ್ತು, ನೀರು ಸಿಕ್ಕಿದ ಜಾಗ, ಯಾವ ಡೇರೆ ಎಲ್ಲಿ ಸೋರಿತು, ಯಾರಿಗೆ ಯಾವ ಗಂಟು ಇನ್ನೂ ಬರಬೇಕು ಎಂಬುದನ್ನೆಲ್ಲ ಮರಳಿದ ವಾರದೊಳಗೆ ಬರೆದಿಡಬೇಕಿತ್ತು. ಲೀಡರ್ ಬದಲಾದಾಗ ಹೊಸಬನ ಕೈಗೆ ಆ ಪುಸ್ತಕ ಹೋಗುತ್ತಿತ್ತು. ನಾನು ಶಾಲೆ ಬಿಡುವಾಗ ಅವು ಸ್ಕೌಟ್ ಕೋಣೆಯ ಕಪಾಟಿನಲ್ಲಿದ್ದವು. ಈಗಲೂ ಇದ್ದರೆ ಇಂದಿನ ಲೀಡರುಗಳು ದಯವಿಟ್ಟು ಅವನ್ನು ತೆಗೆದು ಓದಬೇಕು. ನೀರಿನ ಜಾಗಗಳು ಬದಲಾಗಿರಬಹುದು, ನಡಿಗೆಯ ಹೊತ್ತಿನ ಲೆಕ್ಕ ಈಗಲೂ ಉಪಯೋಗಕ್ಕೆ ಬರುತ್ತದೆ. ದಳದ ಹೊಣೆ ಹೊತ್ತಿರುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ವರ್ಷದ ವೇಳಾಪಟ್ಟಿ ಸಿದ್ಧವಾಗುವಾಗ ತಿಂಗಳಿಗೊಂದು ಶನಿವಾರವನ್ನು ಮೊದಲೇ ದಳದ ಹೆಸರಿಗೆ ಬರೆದಿಡಿ, ಉಳಿದ ಕಾರ್ಯಕ್ರಮಗಳನ್ನು ಆಮೇಲೆ ಹೊಂದಿಸಿ. ಜೊತೆಗೆ ಬರಲು ದೊಡ್ಡವರು ಬೇಕಾದರೆ ಹಳೆಯ ವಿದ್ಯಾರ್ಥಿಗಳಿಗೆ ಹೇಳಿಕಳುಹಿಸಿ. ನಾನು ಸಾಲಿನ ಕೊನೆಯಲ್ಲಿ ನಡೆಯಲು ಸಿದ್ಧನಿದ್ದೇನೆ.